ಹಗುರ ಜಟ್ಟಿಗಳಿಗೆ ಬೇರೆ ಕಾರ್ಯಕ್ರಮ ಬೇಕೆ?

ಪ್ರಶ್ನೆ: ಅಮೆರಿಕದ ಪ್ರದರ್ಶನ ಕುಸ್ತಿ ಕಂಪನಿ ಡಬ್ಲ್ಯುಡಬ್ಲ್ಯುಇಯ ಚಂದಾ ವಾಹಿನಿ ಡಬ್ಲ್ಯುಡಬ್ಲ್ಯುಇ ನೆಟ್‌ವರ್ಕ್‌ನಲ್ಲಿ ಕಡಿಮೆ ತೂಕದ ಕುಸ್ತಿಪಟುಗಳಿಗೆಂದೇ ‘205 ಲೈವ್’ ಬರುತ್ತಿತ್ತು, ಆಮೇಲೆ ನಿಂತುಹೋಯಿತು. ಸಣ್ಣ ಮೈಕಟ್ಟಿನವರ ಆಟವನ್ನು ಜನ ನೋಡುವುದಿಲ್ಲ ಎಂದೇ ಅರ್ಥವೆ? ಕುಸ್ತಿಗೆಂದೇ ಇರುವ ವಾಹಿನಿ ಇಂಥ ಕಾರ್ಯಕ್ರಮ ಇಟ್ಟುಕೊಳ್ಳಬೇಕೋ ಬೇಡವೋ?
(ದಾವಣಗೆರೆಯ ಓದುಗರು)

ಉತ್ತರ: ಇಟ್ಟುಕೊಳ್ಳಬೇಕು. ಆದರೆ ವರ್ಷದ 52 ವಾರವೂ ಬೇಡ. ದೊಡ್ಡ ಕಾರ್ಯಕ್ರಮ ಮುಗಿದ ಮೇಲೆ ಉಳಿದ ಹೊತ್ತಿಗೆ ತುರುಕುವುದಂತೂ ಬೇಡವೇ ಬೇಡ.

ಕಂಪನಿ 2016ರ ಜುಲೈ 13ರಿಂದ ಸೆಪ್ಟೆಂಬರ್ 14ರವರೆಗೆ ‘ಕ್ರೂಸರ್‌ವೇಟ್ ಕ್ಲಾಸಿಕ್’ ಎಂಬ ಹಗುರ ಪಟುಗಳ ಪಂದ್ಯಾವಳಿಯನ್ನು ಪ್ರಸಾರ ಮಾಡಿತು. 32 ಮಂದಿ, 10 ವಾರ, ಸೋತವನು ಮನೆಗೆ. ಫ್ಲಾರಿಡಾದ ಫುಲ್ ಸೇಲ್ ವಿಶ್ವವಿದ್ಯಾಲಯದ ಸಣ್ಣ ಸಭಾಂಗಣ, ಕೆಲವೇ ನೂರು ಪ್ರೇಕ್ಷಕರು, ಆದರೆ ಬಂದವರೆಲ್ಲ ಇದನ್ನೇ ನೋಡಲು ಬಂದವರು. ಮೊದಲ ಸುತ್ತಿನಲ್ಲಿ ವಾರಕ್ಕೆ ನಾಲ್ಕು ಪಂದ್ಯ. ಪ್ರತಿ ಪಂದ್ಯಕ್ಕೂ ಮುಂಚೆ ಇಬ್ಬರೂ ಯಾರು, ಎಲ್ಲಿಯವರು, ಯಾರ ಕೈಯಲ್ಲಿ ಯಾವ ಪಟ್ಟು ಇದೆ ಎಂದು ಚುಟುಕಾಗಿ ತೋರಿಸುತ್ತಿದ್ದರು. ಕೋಟಾ ಇಬುಶಿ, ಜ್ಯಾಕ್ ಸೇಬರ್ ಜೂನಿಯರ್ ಥರದವರ ಹೆಸರನ್ನೇ ಕೇಳದವರಿಗೂ ಕಥೆ ಹಿಡಿಯುತ್ತಿತ್ತು. ಕೊನೆಗೆ ಗ್ರಾನ್ ಮೆಟಾಲಿಕ್‌ನನ್ನು ಸೋಲಿಸಿ ಟಿ.ಜೆ. ಪರ್ಕಿನ್ಸ್ ಬೆಲ್ಟ್ ಕಟ್ಟಿಕೊಂಡ.

ಆ ಯಶಸ್ಸು ನೋಡಿಯೇ ಅದೇ ವರ್ಷ ನವೆಂಬರ್ 29ರಂದು ‘205 ಲೈವ್’ ಶುರು ಮಾಡಿದರು. ಎಡವಿದ್ದು ಇಲ್ಲಿ. ಹೊತ್ತು ಮಂಗಳವಾರ ರಾತ್ರಿ 10, ಅಂದರೆ ಕಂಪನಿಯ ದೊಡ್ಡ ಕಾರ್ಯಕ್ರಮ ‘ಸ್ಮ್ಯಾಕ್‌ಡೌನ್’ ಎರಡು ಗಂಟೆ ಓಡಿದ ಮೇಲೆ, ಅದೇ ಊರಿನ ಅದೇ ದೊಡ್ಡ ಕ್ರೀಡಾಂಗಣದಲ್ಲಿ. ಜನ ತಮ್ಮ ನೆಚ್ಚಿನವರನ್ನು ನೋಡಿ, ಕೂಗಿ ಗಂಟಲು ಕಟ್ಟಿಸಿಕೊಂಡು, ಕಾರು ತೆಗೆಯಲು ಎದ್ದು ಹೋಗುವ ಹೊತ್ತು ಅದು. ಉಂಡೆದ್ದವರ ಮುಂದೆ ಮತ್ತೆ ಎಲೆ ಹಾಕಿದರೆ ಯಾರು ಕೂರುತ್ತಾರೆ? ಖಾಲಿ ಕುರ್ಚಿ ಕ್ಯಾಮೆರಾಕ್ಕೆ ಬಿತ್ತು, ಸದ್ದು ಸತ್ತುಹೋಯಿತು. ಎಂಥ ಅದ್ಭುತ ಜಿಗಿತವಾದರೂ ಚಪ್ಪಾಳೆ ಇಲ್ಲದಿದ್ದರೆ ಟಿವಿಯಲ್ಲಿ ಅದು ಸಪ್ಪೆಯೇ. ನಮ್ಮ ದೇಶದಲ್ಲಿ ಅದು ಬುಧವಾರ ಬೆಳಿಗ್ಗೆ 8.30, ಅಮೆರಿಕದ ಬೇಸಿಗೆ ಸಮಯದಲ್ಲಿ 7.30. ಶಾಲೆಗೋ ಕೆಲಸಕ್ಕೋ ಹೊರಡುವ ಗಡಿಬಿಡಿಯಲ್ಲಿ ನೇರಪ್ರಸಾರ ನೋಡುವವರು ಎಷ್ಟು ಮಂದಿ?

ಇನ್ನೊಂದು ಎಡವಟ್ಟು ಬಣ್ಣದ್ದು. ಕಂಪನಿಯ ಇನ್ನೊಂದು ದೊಡ್ಡ ಕಾರ್ಯಕ್ರಮ ‘ರಾ’ದಲ್ಲಿ ಹಗುರ ಪಟುಗಳ ಸರದಿ ಬಂದಾಗ ರಿಂಗಿನ ಹಗ್ಗಗಳನ್ನು ನೇರಳೆ ಮಾಡುತ್ತಿದ್ದರು. ಬೇರೆ ಎಂದು ಎದ್ದು ಕಾಣಲಿ ಎಂಬುದು ಉದ್ದೇಶ. ನೋಡುವವರಿಗೆ ಮಾತ್ರ ‘ಇನ್ನು ಹತ್ತು ನಿಮಿಷ ಮುಖ್ಯವಾದದ್ದೇನೂ ಇಲ್ಲ, ಎದ್ದು ಬರಬಹುದು’ ಎಂಬ ಸೂಚನೆಯಾಯಿತು.

ಜನರಿಗೆ ಹಗುರ ಪಟುಗಳು ಬೇಡ ಎನ್ನುವವರು 2018ನ್ನು ಮರೆಯುತ್ತಾರೆ. ಆ ಜನವರಿಯಲ್ಲಿ ಹಗುರ ಪಟುಗಳ ಚಾಂಪಿಯನ್ ಪಟ್ಟ ಖಾಲಿಯಾಯಿತು. ಡ್ರೇಕ್ ಮೇವರಿಕ್ ಎಂಬುವನನ್ನು ಜನರಲ್ ಮ್ಯಾನೇಜರ್ ಪಾತ್ರದಲ್ಲಿ ಕೂರಿಸಿ 16 ಮಂದಿಯ ಪಂದ್ಯಾವಳಿ ನಡೆಸಿದರು. ತಮಾಷೆ ಪ್ರಸಂಗಗಳನ್ನು ಕಡಿಮೆ ಮಾಡಿ ಕುಸ್ತಿಗೆ ಹೊತ್ತು ಕೊಟ್ಟರು. ಕಾರ್ಯಕ್ರಮಕ್ಕೆ ಜೀವ ಬಂತು. ಏಪ್ರಿಲ್ 8ರಂದು ಕಂಪನಿಯ ವರ್ಷದ ಅತಿ ದೊಡ್ಡ ಪ್ರದರ್ಶನವಾದ ರೆಸಲ್‌ಮೇನಿಯಾದಲ್ಲಿ ಸೆಡ್ರಿಕ್ ಅಲೆಕ್ಸಾಂಡರ್, ಮುಸ್ತಫಾ ಅಲಿಯನ್ನು ಸೋಲಿಸಿ ಗೆದ್ದ. ಅಷ್ಟಾದರೂ ಆ ಪಂದ್ಯ ನಡೆದದ್ದು ಮುಖ್ಯ ಕಾರ್ಯಕ್ರಮಕ್ಕೆ ಮುಂಚಿನ ‘ಕಿಕ್‌ಆಫ್’ ಹೊತ್ತಿನಲ್ಲಿ! 2022ರ ಜನವರಿಯಲ್ಲಿ ಆ ಬೆಲ್ಟ್ ಬೇರೊಂದು ಬೆಲ್ಟಿನಲ್ಲಿ ವಿಲೀನವಾಯಿತು, ಫೆಬ್ರುವರಿಯಲ್ಲಿ ಕಾರ್ಯಕ್ರಮವೂ ನಿಂತಿತು.

ಎರಡು ಸಲವೂ ಗೆದ್ದದ್ದು ಪಂದ್ಯಾವಳಿ, ಸೊರಗಿದ್ದು ಗೊತ್ತುಗುರಿಯಿಲ್ಲದ ವಾರದ ಕಂತು. ಚಂದಾ ಕಟ್ಟಿ ನೋಡುವ ವಾಹಿನಿಗೆ ಇದೇ ಅನುಕೂಲ. ಪ್ರತಿ ಅರ್ಧ ಗಂಟೆಗೂ ಜಾಹೀರಾತುದಾರರಿಗೆ ಲೆಕ್ಕ ಒಪ್ಪಿಸಬೇಕಿಲ್ಲ. ಇದಕ್ಕಾಗಿಯೇ ಚಂದಾ ಮುಂದುವರಿಸುವ ಒಂದು ಗುಂಪು ಸಿಕ್ಕರೆ ಸಾಕು.

ಪ್ರಶ್ನೆ: 205 ಎಂಬ ಸಂಖ್ಯೆ ಎಲ್ಲಿಂದ ಬಂತು?
(ಹಾಸನದ ಓದುಗರು)

ಉತ್ತರ: ಅದು ಪೌಂಡ್ ಲೆಕ್ಕದ ತೂಕದ ಮಿತಿ, ಸುಮಾರು 93 ಕಿಲೊ. ಹಿಂದೆ ಡಬ್ಲ್ಯುಡಬ್ಲ್ಯುಇಗೆ ಎದುರಾಳಿಯಾಗಿದ್ದ ಡಬ್ಲ್ಯುಸಿಡಬ್ಲ್ಯು ಕಂಪನಿಯಲ್ಲಿ ಮಿತಿ 220 ಪೌಂಡ್ ಇತ್ತು. ಜಪಾನಿನ ‘ಜೂನಿಯರ್ ಹೆವಿವೇಟ್’ ವಿಭಾಗದಲ್ಲಿ 100 ಕಿಲೊ, ಅಂದರೆ ಹೆಚ್ಚುಕಡಿಮೆ ಅಷ್ಟೇ. ಒಂದು ಎಚ್ಚರ: ಫಲಿತಾಂಶ ಮೊದಲೇ ನಿಗದಿಯಾಗಿರುವ ಈ ಪ್ರದರ್ಶನ ಕುಸ್ತಿಯಲ್ಲಿ ಕೂಗಿ ಹೇಳುವ ತೂಕವೂ ಪ್ರದರ್ಶನದ ಭಾಗ. 2024ರ ಪ್ಯಾರಿಸ್‌ನಲ್ಲಿ 100 ಗ್ರಾಂ ಹೆಚ್ಚಾಯಿತೆಂದು ವಿನೇಶ್ ಫೋಗಟ್ ಅವರನ್ನು ಫೈನಲ್‌ನಿಂದ ಹೊರಗಿಟ್ಟ ತಕ್ಕಡಿಯೇ ಬೇರೆ.

ಪ್ರಶ್ನೆ: ಕುಸ್ತಿ ಅಂದರೆ ಜಗಜಟ್ಟಿಗಳು ಇರಬೇಕು. 75–80 ಕಿಲೊದವರನ್ನು ಚಾಂಪಿಯನ್ ಎಂದರೆ ಯಾರು ನಂಬುತ್ತಾರೆ?
(ಬೆಳಗಾವಿಯ ಓದುಗರು)

ಉತ್ತರ: ಒಲಿಂಪಿಕ್ಸ್ ಪಟ್ಟಿ ತೆಗೆದು ನೋಡಿ. 1952ರಲ್ಲಿ ಹೆಲ್ಸಿಂಕಿಯಲ್ಲಿ ಕಂಚು ತಂದ ಖಾಶಾಬಾ ಜಾಧವ್ ಅವರ ವಿಭಾಗ 57 ಕಿಲೊ. ರವಿ ದಹಿಯಾ 57, ಅಮನ್ ಸೆಹ್ರಾವತ್ 57, ಸಾಕ್ಷಿ ಮಲಿಕ್ 58, ಯೋಗೇಶ್ವರ್ ದತ್ 60, ಬಜರಂಗ್ ಪೂನಿಯಾ 65, ಸುಶೀಲ್ ಕುಮಾರ್ 66. ಪ್ಯಾರಿಸ್‌ವರೆಗೆ ಭಾರತಕ್ಕೆ ಕುಸ್ತಿಯಲ್ಲಿ ಬಂದ ಒಲಿಂಪಿಕ್ ಪದಕಗಳಲ್ಲಿ 66 ಕಿಲೊ ದಾಟಿದ್ದು ಒಂದೂ ಇಲ್ಲ. ನಮ್ಮ ನಾಡಕುಸ್ತಿಯಲ್ಲೂ ದಸರೆಗೆ ಮುಂಚೆ ಜೋಡಿ ಕಟ್ಟುವಾಗ ಸರಿಸಾಟಿ ಯಾರು ಎಂದು ನೋಡುತ್ತಾರೆಯೇ ಹೊರತು ದಪ್ಪ ಯಾರು ಎಂದಲ್ಲ. ಟಿವಿ ಕುಸ್ತಿಗೇ ಬಂದರೆ, 175 ಪೌಂಡ್ ಎಂದು ಕರೆಸಿಕೊಳ್ಳುವ ರೇ ಮಿಸ್ಟೀರಿಯೊ 2006ರಲ್ಲಿ ವಿಶ್ವ ಹೆವಿವೇಟ್ ಪಟ್ಟ ಗೆದ್ದಾಗ ನಂಬದವರು ಕಡಿಮೆ.

ಪ್ರಶ್ನೆ: ಹೊಸದಾಗಿ ಕಟ್ಟುವುದಾದರೆ ಹೇಗೆ ಕಟ್ಟಬೇಕು?
(ಬೆಂಗಳೂರಿನ ಓದುಗರು)

ಉತ್ತರ: 16 ಮಂದಿ ಸಾಕು, ಒಟ್ಟು 15 ಪಂದ್ಯ, 6 ವಾರ. ಮೊದಲ ಎರಡು ವಾರ ನಾಲ್ಕು ನಾಲ್ಕು, ಮುಂದಿನ ಎರಡು ವಾರ ಎರಡೆರಡು, ಐದನೆಯ ವಾರ ಸೆಮಿಫೈನಲ್‌ಗಳು, ಕೊನೆಗೆ ಫೈನಲ್. ಮೊದಲ ಸುತ್ತಿಗೆ 6ರಿಂದ 8 ನಿಮಿಷ, ಫೈನಲ್‌ಗೆ 20. ಪಂದ್ಯದ ಮುಂಚೆ ಒಂದು ನಿಮಿಷದ ಪರಿಚಯ. ಅದರಲ್ಲಿ ಆ ಪಟುವಿನ ಮುಗಿಸುವ ಪಟ್ಟನ್ನು ತೋರಿಸಲೇಬೇಕು. ಇಲ್ಲದಿದ್ದರೆ ಎದುರಾಳಿ ಅದರಿಂದ ತಪ್ಪಿಸಿಕೊಂಡಾಗ ಏನು ತಪ್ಪಿತು ಎಂಬುದೇ ಜನರಿಗೆ ತಿಳಿಯುವುದಿಲ್ಲ. ಸಭಾಂಗಣ 300–400 ಜನರದ್ದಿರಲಿ, ತುಂಬಿರಲಿ. ದೊಡ್ಡ ಕ್ರೀಡಾಂಗಣವೇ ಬೇಕೆಂದರೆ ಮುಖ್ಯ ಕಾರ್ಯಕ್ರಮಕ್ಕೆ ಮುಂಚೆ ಚಿತ್ರೀಕರಿಸಿ.

ಕ್ಯಾಮೆರಾ ದೂರದಿಂದಲೇ ಹಿಡಿಯಬೇಕು. ಏಟು ಬಿದ್ದಾಗಲೆಲ್ಲ ಕೋನ ಬದಲಿಸುವ ಚಾಳಿ ದಢೂತಿಗಳ ಗುದ್ದಾಟಕ್ಕೆ ಹೊಂದುತ್ತದೆ. ಹಗುರ ಪಟು ಹಗ್ಗ ಹತ್ತಿ, ಹಾರಿ, ತಿರುಗಿ ಬೀಳುವ ಎರಡು ಸೆಕೆಂಡಿನಲ್ಲಿ ಮೂರು ಸಲ ಕತ್ತರಿಸಿದರೆ ಹಾರಿದ್ದೆಲ್ಲಿಂದ, ಬಿದ್ದದ್ದೆಲ್ಲಿ ಎಂಬುದೇ ಕಾಣದು.

ಗೆದ್ದವನಿಗೆ ದೊಡ್ಡ ಕಾರ್ಯಕ್ರಮದ ಬಾಗಿಲು ತೆರೆದಿರಬೇಕು. ಡಬ್ಲ್ಯುಸಿಡಬ್ಲ್ಯು ತನ್ನ ವಾರದ ಟಿವಿ ಕಾರ್ಯಕ್ರಮ ‘ನೈಟ್ರೊ’ವನ್ನು 1995ರ ಸೆಪ್ಟೆಂಬರ್ 4ರಂದು ಶುರು ಮಾಡಿದ್ದೇ ಜೂಶಿನ್ ಥಂಡರ್ ಲೈಗರ್–ಬ್ರಯನ್ ಪಿಲ್‌ಮನ್ ಎಂಬ ಹಗುರ ಪಟುಗಳ ಪಂದ್ಯದಿಂದ. ಜಾಗ ಸರಿಯಾಗಿಯೇ ಕೊಟ್ಟಿತು: ಮೊದಲಲ್ಲಿ, ಜನ ಹುರುಪಿನಲ್ಲಿರುವಾಗ. ಮೇಲಕ್ಕೇರಲು ಮಾತ್ರ ಬಿಡಲಿಲ್ಲ. 2000ದ ಜನವರಿಯಲ್ಲಿ ಎಡ್ಡಿ ಗೆರೆರೊ, ಡೀನ್ ಮಲೆಂಕೊ ಎಂಬ ಹಗುರ ಪಟುಗಳೂ ಸೇರಿ ನಾಲ್ವರು ಎದುರು ಕಂಪನಿಗೆ, ಅಂದರೆ ಇಂದಿನ ಡಬ್ಲ್ಯುಡಬ್ಲ್ಯುಇಗೆ ಹೋದರು. ನಾಲ್ಕು ವರ್ಷದಲ್ಲಿ ಗೆರೆರೊ ಅಲ್ಲಿ ದೈತ್ಯ ಬ್ರಾಕ್ ಲೆಸ್ನರ್‌ನನ್ನೇ ಚಿತ್ ಮಾಡಿ ಪಟ್ಟ ಗೆದ್ದ.

ಪ್ರಶ್ನೆ: ರಿಂಗಿನಿಂದ ಹೊರಕ್ಕೆ ಹಾರುವ ಆಟ ಅಪಾಯವಲ್ಲವೆ? ಮಕ್ಕಳು ಅನುಕರಿಸುತ್ತಾರೆ.
(ಮೈಸೂರಿನ ಓದುಗರು)

ಉತ್ತರ: ಅಪಾಯವೇ. ರಿಂಗಿನ ನೆಲವೆಂದರೆ ಕಬ್ಬಿಣದ ತೊಲೆ, ಮೇಲೆ ಹಲಗೆ, ತೆಳು ಫೋಮ್, ಕ್ಯಾನ್ವಾಸ್. ಬಿದ್ದಾಗ ಅಷ್ಟಿಷ್ಟು ಬಾಗುತ್ತದೆ. ಹೊರಗಿನದು ಕಾಂಕ್ರೀಟಿನ ಮೇಲೆ ತೆಳು ಚಾಪೆ, ಬಾಗುವ ಮಾತೇ ಇಲ್ಲ. ಅಲ್ಲಿ ಹಾರಿದವನನ್ನು ಕಾಪಾಡುವವನು ಎದುರಾಳಿಯೇ. ಎರಡೂ ಕೈ ಎತ್ತಿ, ಬಂದವನ ಭಾರವನ್ನು ಎದೆಗೆ ತೆಗೆದುಕೊಂಡು, ಗದ್ದ ಎದೆಗಂಟಿಸಿ ಹಿಂದಕ್ಕೆ ಬೀಳಬೇಕು. ಅವನು ಅರ್ಧ ಹೆಜ್ಜೆ ಹಿಂದೆ ಸರಿದರೆ ಹಾರಿದವನ ತಲೆಯೇ ಮೊದಲು ನೆಲಕ್ಕೆ. ಕಲಿತವರಿಗೇ ಇದು ತಪ್ಪುತ್ತದೆ, ಮನೆಯ ಹಾಸಿಗೆಯ ಮೇಲೆ ಬೇಡ. ಮೂರು ಪಂದ್ಯದಲ್ಲೂ ಹೊರಗೆ ಹಾರಿದರೆ ನಾಲ್ಕನೆಯದಕ್ಕೆ ಯಾರೂ ‘ಅಬ್ಬ’ ಎನ್ನುವುದಿಲ್ಲ. ಕಂತಿಗೆ ಒಂದೇ ಇರಲಿ.

ಪ್ರಶ್ನೆ: ಈಗ ಅವರಿಗೆ ಜಾಗವೆಲ್ಲಿದೆ?
(ಶಿವಮೊಗ್ಗದ ಓದುಗರು)

ಉತ್ತರ: 2024ರಲ್ಲಿ ಎಕ್ಸ್ ಜಾಲತಾಣದಲ್ಲಿ ಡಬ್ಲ್ಯುಡಬ್ಲ್ಯುಇಯ ‘ಸ್ಪೀಡ್’ ಎಂಬ ಕಿರು ಕಾರ್ಯಕ್ರಮ ಬಂತು. ಹೆಚ್ಚಿನ ಪಂದ್ಯಗಳಿಗೆ 3 ನಿಮಿಷದ ಮಿತಿ, ಮೊದಲ ಚಾಂಪಿಯನ್ ರಿಕೊಶೆ. ತೂಕದ ಮಿತಿ ಹಾಕದೆ ಹೊತ್ತಿನ ಮಿತಿ ಹಾಕಿದ್ದು ಜಾಣತನ; ಮೂರು ನಿಮಿಷವೆಂದರೆ ಚುರುಕು ಮೈಯವರಿಗೇ ಅನುಕೂಲ. 2025ರಲ್ಲಿ ಕಂಪನಿ ಮೆಕ್ಸಿಕೊದ ‘ಎಎಎ’ ಕುಸ್ತಿ ಕಂಪನಿಯನ್ನು ಕೊಳ್ಳುವುದಾಗಿ ಪ್ರಕಟಿಸಿತು. ಅಲ್ಲಿ ಹಗುರ ಪಟುಗಳಿಗೆ ಬೇರೆ ಕಾರ್ಯಕ್ರಮ ಬೇಕೆಂದು ಯಾರೂ ಕೇಳುವುದಿಲ್ಲ, ಮುಖವಾಡ ತೊಟ್ಟು ಹಾರುವವರೇ ಅಲ್ಲಿ ಮುಖ್ಯ ಆಟಗಾರರು.