ಸ್ಟ್ರೈಟ್ ರೇಜರ್‌ನಲ್ಲಿ ಶೇವಿಂಗ್ ಕಲಿಯಬೇಕು, ಬೆಂಗಳೂರಿನಲ್ಲಿ ಎಲ್ಲಿಂದ ಶುರು ಮಾಡಲಿ?

ಐದು ಬ್ಲೇಡಿನ ಕಾರ್ಟ್ರಿಜ್‌ನಿಂದ ಕುತ್ತಿಗೆಯ ಮೇಲೆಲ್ಲ ಗುಳ್ಳೆ ಏಳುತ್ತಿವೆ, ಸಲೂನಿನವರು ಹಿಡಿಯುವಂಥ ಕತ್ತಿಯನ್ನು ಮನೆಯಲ್ಲೇ ಕಲಿಯಬಹುದಾ ಅಂತ ಕೇಳಿದ್ದೀರಿ. ಖಂಡಿತ ಕಲಿಯಬಹುದು. ಆದರೆ ಗುಳ್ಳೆ ಹೋದರೆ ಸಾಕು ಅನ್ನುವುದಾದರೆ ಇಷ್ಟೆಲ್ಲ ಕಷ್ಟ ಬೇಡ. ಅಪ್ಪನ ಕಾಲದ ಸೇಫ್ಟಿ ರೇಜರ್, ಒಂದೇ ಬ್ಲೇಡಿನದು, ಅದೇ ಸಾಕು. ಹಲವು ಬ್ಲೇಡು ಒಂದರ ಹಿಂದೆ ಒಂದು ಎಳೆದಾಗ ಕೂದಲು ಚರ್ಮಕ್ಕಿಂತ ಕೆಳಗೆ ತುಂಡಾಗಿ ಒಳಗೇ ಬೆಳೆಯುತ್ತದೆ, ಗುಳ್ಳೆಯ ಮೂಲ ಹೆಚ್ಚಾಗಿ ಅದೇ. ಹಾಗಲ್ಲ, ಕತ್ತಿಯ ಮೇಲೇ ಮನಸ್ಸಾಗಿದೆ ಅಂದರೆ ಮುಂದೆ ಓದಿ.

ಈಗ ಸಲೂನಿನಲ್ಲಿ ಕಾಣುವುದು ಹೆಚ್ಚಾಗಿ ಸ್ಟ್ರೈಟ್ ರೇಜರ್ ಅಲ್ಲ, ಶೇವೆಟ್. ಎರಡು ಅಲಗಿನ ಬ್ಲೇಡನ್ನು ಕಾಗದದ ಸಮೇತ ಮಧ್ಯಕ್ಕೆ ಮುರಿದು, ಅರ್ಧ ತುಂಡನ್ನು ಸಿಕ್ಕಿಸಿಕೊಳ್ಳುತ್ತಾರಲ್ಲ, ಅದು. ಒಬ್ಬರ ರಕ್ತ ಇನ್ನೊಬ್ಬರಿಗೆ ತಾಗಬಾರದು ಅಂತ ಪ್ರತಿ ಗಿರಾಕಿಗೂ ಹೊಸ ಬ್ಲೇಡು. ಸರಿಯಾದ ಕ್ರಮವೇ. ನಿಜವಾದ ಸ್ಟ್ರೈಟ್ ರೇಜರ್‌ನಲ್ಲಿ ಬ್ಲೇಡ್ ಬದಲಾಯಿಸುವ ಮಾತೇ ಇಲ್ಲ. ಒಂದೇ ಉಕ್ಕಿನ ಅಲಗು, ಅದನ್ನೇ ಚರ್ಮದ ಪಟ್ಟಿಗೆ ಉಜ್ಜಿ, ಕೆಲವು ತಿಂಗಳಿಗೊಮ್ಮೆ ಕಲ್ಲಿಗೆ ಮಸೆದು ವರ್ಷಗಟ್ಟಲೆ ಬಳಸುವುದು.

ಮೊದಲು ನೂರಿನ್ನೂರು ರೂಪಾಯಿಯ ಶೇವೆಟ್‌ನಲ್ಲಿ ಕೈ ಪಳಗಿಸಿಕೊಳ್ಳಿ ಅಂತ ಎಲ್ಲರೂ ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ಅರ್ಧ ಬ್ಲೇಡಿಗೆ ತೂಕವಿಲ್ಲ, ಮೂಲೆಗಳು ಚೂಪು, ಕೋನ ಸ್ವಲ್ಪ ತಪ್ಪಿದರೂ ಗೀರುತ್ತದೆ. ದಪ್ಪ ಬೆನ್ನಿನ ಕತ್ತಿ ಅಷ್ಟು ನಿರ್ದಯಿಯಲ್ಲ, ಅದರ ಭಾರವೇ ಅರ್ಧ ಕೆಲಸ ಮಾಡುತ್ತದೆ. ಶೇವೆಟ್‌ನಲ್ಲಿ ಎರಡು ಸಲ ಕೊಯ್ದುಕೊಂಡು ‘ಇದು ನಮಗಲ್ಲಪ್ಪ’ ಅಂತ ಬಿಟ್ಟವರು ಸ್ಟ್ರೈಟ್ ರೇಜರನ್ನು ಮುಟ್ಟಿಯೇ ಇರುವುದಿಲ್ಲ.

ಕೊಳ್ಳುವಾಗ ನೋಡಬೇಕಾದದ್ದು ಹಿಡಿಯ ಅಂದವನ್ನಲ್ಲ, ಅಲಗಿನ ಹರಿತವನ್ನು. ಕಲಿಯುವವರಲ್ಲಿ ಹೆಚ್ಚಿನವರು ಕೈ ಸರಿಯಿಲ್ಲ ಅಂದುಕೊಂಡು ಸೋಲುತ್ತಾರೆ, ನಿಜಕ್ಕೂ ಕತ್ತಿ ಮೊಂಡಾಗಿರುತ್ತದೆ. ಆನ್‌ಲೈನ್‌ನಲ್ಲಿ ಐನೂರು ರೂಪಾಯಿಗೆ ಬರುವ ಥಳಥಳ ಕತ್ತಿಗಳಲ್ಲಿ ಬಹಳಷ್ಟು ಶೋಕೇಸಿಗೆ ಮಾತ್ರ ಲಾಯಕ್ಕು, ಎಷ್ಟು ಮಸೆದರೂ ಹರಿತ ನಿಲ್ಲುವುದಿಲ್ಲ. ಜರ್ಮನಿಯ ಸೋಲಿಂಗೆನ್ ಊರಿನ ಡೋವೊ, ಬೋಕರ್ ನಂಬಬಹುದಾದ ಹೆಸರುಗಳು. ಆ ಊರಿನ ಹೆಸರನ್ನು ಅಲ್ಲಿ ತಯಾರಾಗದ ಕತ್ತಿಗೆ ಹಾಕದಂತೆ ಜರ್ಮನಿಯಲ್ಲಿ 1938ರಿಂದ ಕಾನೂನೇ ಇದೆ. ಹೊಸದಕ್ಕೆ ಸುಂಕ ಸೇರಿ ಹತ್ತು ಸಾವಿರ ದಾಟುವುದು ಸಾಮಾನ್ಯ. ಅಲಗಿನ ಅಗಲ 5/8 ಅಥವಾ 6/8 ಇಂಚು, ಅದರ ತುದಿ ದುಂಡಗಿರಲಿ. ‘ಶೇವ್ ರೆಡಿ’, ಅಂದರೆ ಮಸೆದು ಸಿದ್ಧಮಾಡಿದ್ದೇ ಅಂತ ಬರೆದು ಕೇಳಿ. ಕಾರ್ಖಾನೆಯಿಂದ ಬಂದದ್ದೆಲ್ಲ ಹಾಗಿರುವುದಿಲ್ಲ.

ಭಾನುವಾರ ಚಿಕ್ಕಪೇಟೆ ಕಡೆಯ ಚೋರ್ ಬಜಾರಿನಲ್ಲೋ, ಅಜ್ಜನ ಟ್ರಂಕಿನಲ್ಲೋ ಹಳೆಯ ಕತ್ತಿ ಸಿಕ್ಕರೆ ಅಲಗನ್ನು ಮೇಲ್ಮುಖ ಮಾಡಿ ಟ್ಯೂಬ್‌ಲೈಟ್ ಕೆಳಗೆ ಹಿಡಿದು ನೋಡಿ. ಹರಿತವಾದ ಅಂಚು ಬೆಳಕಿಗೆ ಹೊಳೆಯುವುದಿಲ್ಲ. ಎಲ್ಲಿ ಬಿಳಿ ಚುಕ್ಕೆ ಮಿನುಗುತ್ತದೋ ಅಲ್ಲಿ ಮೊಂಡು, ಇಲ್ಲವೇ ಮುಕ್ಕು. ಮೇಲ್ಮೈಯ ತುಕ್ಕು ಉಜ್ಜಿದರೆ ಹೋಗುತ್ತದೆ, ಅಂಚಿಗೇ ಇಳಿದ ತುಕ್ಕಾದರೆ ವಾಪಸ್ ಇಟ್ಟುಬಿಡಿ. ಮತ್ತೆ, ದಯವಿಟ್ಟು, ಬೀದಿಯಲ್ಲಿ ಸೈಕಲ್ ಮೇಲೆ ಚಕ್ರ ತಿರುಗಿಸುತ್ತ ಬರುವ ಸಾಣೆಯವರ ಕೈಗೆ ಕೊಡಬೇಡಿ. ಈಳಿಗೆಮಣೆ, ಚಾಕುವಿಗೆ ಅವರು ಸರಿ. ಕ್ಷೌರದ ಕತ್ತಿಯ ತೆಳು ಅಂಚು ಆ ಚಕ್ರದ ಬಿಸಿಗೆ ಹದ ಕಳೆದುಕೊಳ್ಳುತ್ತದೆ, ಆಮೇಲೆ ಅದು ಕತ್ತಿಯಲ್ಲ, ತಗಡು. 1000 ಗ್ರಿಟ್‌ನಿಂದ (ಕಲ್ಲು ಎಷ್ಟು ನುಣುಪು ಅನ್ನುವ ಅಳತೆ, ಅಂಕಿ ಹೆಚ್ಚಿದಷ್ಟೂ ನುಣುಪು) ಶುರುಮಾಡಿ 8000, 12000ದವರೆಗೆ ನೀರುಗಲ್ಲಿನಲ್ಲಿ, ಅಂದರೆ ನೀರು ಹಾಕಿ ಮಸೆಯುವ ಕಲ್ಲಿನಲ್ಲಿ, ಕೈಯಿಂದಲೇ ಮಸೆಯಬೇಕು. ಮೊದಲ ವರ್ಷ ಆ ಕೆಲಸ ಗೊತ್ತಿರುವವರಿಗೆ ಬಿಡಿ.

ನಿಮ್ಮ ಪಾಲಿನ ಕೆಲಸ ಚರ್ಮದ ಪಟ್ಟಿಯದು. ಪಟ್ಟಿಯ ಒಂದು ತುದಿಯನ್ನು ಕಿಟಕಿಯ ಸರಳಿಗೆ ಸಿಕ್ಕಿಸಿ ಬಿಗಿಯಾಗಿ ಎಳೆದು ಹಿಡಿಯಿರಿ. ಕತ್ತಿಯನ್ನು ಮಲಗಿಸಿ, ಬೆನ್ನು ಮುಂದೆ, ಅಲಗು ಹಿಂದೆ. ತುದಿಗೆ ಬಂದಾಗ ಎತ್ತಬೇಡಿ, ಬೆನ್ನಿನ ಮೇಲೆಯೇ ಮಗುಚಿ ವಾಪಸ್ ಬನ್ನಿ. ಅಲಗಿನ ಕಡೆಯಿಂದ ಮಗುಚಿದರೆ ಚರ್ಮವೂ ಹೋಯಿತು, ಹರಿತವೂ ಹೋಯಿತು. ಶೇವ್‌ಗೆ ಮೊದಲು ಹೋಗಿ ಬರುವುದು ಸೇರಿ ಒಂದು ಅಂತ ಮೂವತ್ತರಿಂದ ಐವತ್ತು ಸಾಕು. ನಿಧಾನವಾಗಿ, ಸಿನಿಮಾದಲ್ಲಿ ತೋರಿಸುವ ಚಟಪಟ ವೇಗ ಬೇಡ.

ಇನ್ನು ನೀರು. ಬೋರ್‌ವೆಲ್ ಅಥವಾ ಟ್ಯಾಂಕರ್ ನೀರಿನ ಮನೆಯಾದರೆ ಎಷ್ಟು ಒಳ್ಳೆಯ ಸೋಪಾದರೂ ನೊರೆ ಒಡೆದು ಒಣಗುತ್ತದೆ. ಗಡಸು ನೀರಿನ ಕ್ಯಾಲ್ಸಿಯಂ, ಮೆಗ್ನೀಶಿಯಂ ಸೋಪನ್ನು ಹಿಡಿದು ಗಸಿ ಮಾಡಿಬಿಡುತ್ತವೆ. ಕಾವೇರಿ ನೀರಾದರೆ ಚಿಂತೆಯಿಲ್ಲ. ಇಲ್ಲದಿದ್ದರೆ ಅಡುಗೆಮನೆಯ ಆರ್‌ಒ ನೀರನ್ನು ಅರ್ಧ ಲೋಟ ಬಿಸಿ ಮಾಡಿಕೊಂಡು ಅದರಲ್ಲೇ ಬ್ರಷ್ ಅದ್ದಿ. ನೊರೆ ಮೊಸರಿನಂತೆ ಮಂದವಾಗಿ ಜಾರುವಂತಿರಬೇಕು, ಗುಳ್ಳೆಗುಳ್ಳೆ ಇರಬಾರದು.

ಮೊದಲ ಕೆಲವು ವಾರ ಕೆನ್ನೆ ಮಾತ್ರ. ಉಳಿದದ್ದನ್ನು ಹಳೆಯ ರೇಜರ್‌ನಲ್ಲಿ ಮುಗಿಸಿ. ಕತ್ತಿಯನ್ನು ಕೆನ್ನೆಗೆ ಚಪ್ಪಟೆಯಾಗಿ ಇಟ್ಟು, ಬೆನ್ನನ್ನು ಅದರ ದಪ್ಪದ ಎರಡರಷ್ಟು ಎತ್ತಿ, ಸುಮಾರು 30 ಡಿಗ್ರಿ. ಇನ್ನೊಂದು ಕೈಯಿಂದ ಕಿವಿಯ ಬಳಿ ಚರ್ಮವನ್ನು ಮೇಲಕ್ಕೆ ಎಳೆದು ಬಿಗಿ ಮಾಡಿ, ಕೂದಲು ಬೆಳೆದ ದಿಕ್ಕಿನಲ್ಲೇ ಚಿಕ್ಕ ಚಿಕ್ಕ ಎಳೆತ. ಒತ್ತಬೇಡಿ. ಅಲಗಿನ ಉದ್ದಕ್ಕೆ ಪಕ್ಕಕ್ಕೆ ಜಾರಿಸಲೇಬೇಡಿ, ಗಾಯ ಆಗುವುದು ಹೆಚ್ಚಾಗಿ ಹಾಗೇ. ಕತ್ತಿ ಕೈ ಜಾರಿದರೆ ಹಿಡಿಯಲು ಹೋಗಬೇಡಿ, ಬೀಳಲಿ ಬಿಡಿ. ನಿಮ್ಮ ತೊಂದರೆ ಇರುವ ಕುತ್ತಿಗೆಗೆ ಬರುವ ಮೊದಲು ಎರಡು ದಿನದ ಗಡ್ಡವನ್ನು ಬೆರಳಿಂದ ಸವರಿ ನೋಡಿ. ಅಲ್ಲಿ ಕೂದಲು ಎಷ್ಟೋ ಜನರಿಗೆ ಅಡ್ಡಡ್ಡ, ಇಲ್ಲವೇ ಕೆಳಗಿಂದ ಮೇಲಕ್ಕೆ ಬೆಳೆದಿರುತ್ತದೆ. ಆ ದಿಕ್ಕಿಗೆ ಒಂದೇ ಸುತ್ತು ಸಾಕು, ನುಣ್ಣಗಾಗಲಿಲ್ಲ ಅಂತ ಎದುರು ಎಳೆಯಬೇಡಿ. ಮೇಲ್ತುಟಿ, ಗಲ್ಲ ಎಲ್ಲಕ್ಕಿಂತ ಕೊನೆಗೆ.

ಗೀರಿಗೆ ಪಟಿಕ ಹಚ್ಚಿ. ಯಾವ ಗ್ರಂಧಿಗೆ ಅಂಗಡಿಯಲ್ಲಾದರೂ ಹತ್ತಿಪ್ಪತ್ತು ರೂಪಾಯಿಗೆ ಸಿಗುತ್ತದೆ (ದೃಷ್ಟಿಗೆ ಬಾಗಿಲಿಗೆ ಕಟ್ಟುವುದೂ ಅದನ್ನೇ). ಕತ್ತಿಯನ್ನು ತೊಳೆದು, ಹಿಡಿಯ ಸಂದಿಯೂ ಸೇರಿ ಒರೆಸಿ, ಹೊಲಿಗೆ ಮೆಷಿನ್ ಎಣ್ಣೆ ಒಂದು ಹನಿ ಸವರಿ. ಬಚ್ಚಲಲ್ಲಿ ಮಾತ್ರ ಇಡಬೇಡಿ, ಮಳೆಗಾಲದಲ್ಲಿ ಒಂದೇ ರಾತ್ರಿಗೆ ಚುಕ್ಕೆ ಬೀಳುತ್ತದೆ. ಮನೆಯಲ್ಲಿ ಮಕ್ಕಳಿದ್ದರೆ ಬೀರುವಿನಲ್ಲಿಟ್ಟು ಬೀಗ ಹಾಕಿ.