ಪಾಯದ ಎರೆಮಣ್ಣಿನಿಂದ ಇಟ್ಟಿಗೆ ಆಗುತ್ತದೆಯೇ?

ಪ್ರಶ್ನೆ: ಬೆಂಗಳೂರಿನ ಬಯೋಮ್ ಸಂಸ್ಥೆಯ ವಾಸ್ತುಶಿಲ್ಪಿ ಚಿತ್ರಾ ವಿಶ್ವನಾಥ್ ಅವರು ಸೈಟಿನಲ್ಲಿ ಅಗೆದ ಮಣ್ಣಿಗೇ ಸಿಮೆಂಟ್ ಬೆರೆಸಿ, ಸುಡದೆ ಯಂತ್ರದಲ್ಲಿ ಇಟ್ಟಿಗೆ ಒತ್ತಿಸಿ ಮನೆ ಕಟ್ಟಿಸುತ್ತಾರೆ. ನಮ್ಮದು 30x40 ಸೈಟು, ಪೂರ್ತಿ ಎರೆ. ನಾವೂ ಹಾಗೆ ಮಾಡಬಹುದೇ?
– ಓದುಗರು, ದಾವಣಗೆರೆ

ಉತ್ತರ: ಎರೆಮಣ್ಣಿಗೆ ಆ ಕೆಲಸ ಒಗ್ಗುವುದಿಲ್ಲ. ಅದರಲ್ಲಿ ಜೇಡಿ ಹೆಚ್ಚು. ಮಳೆಗೆ ಉಬ್ಬಿ ಬಿಸಿಲಿಗೆ ಬಾಯಿ ಬಿಡುವ ಗುಣ ಇಟ್ಟಿಗೆಯಲ್ಲೂ ಉಳಿಯುತ್ತದೆ, ಸಿಮೆಂಟ್ ಅದನ್ನು ಹಿಡಿದಿಡಲಾರದು. ಬೆಂಗಳೂರಿನ ಕೆಂಪು ಮಣ್ಣಿನ ಲೆಕ್ಕ ಬೇರೆ.

ಹತ್ತಿರದಲ್ಲಿ ಕೆಂಪು ಮಣ್ಣು ಸಿಕ್ಕರೆ ಮೊದಲು ಪರೀಕ್ಷಿಸಿ. ಗಾಜಿನ ಬಾಟಲಿಯ ಮೂರನೇ ಒಂದು ಭಾಗ ಮಣ್ಣು, ಉಳಿದದ್ದು ನೀರು, ಚಿಟಿಕೆ ಉಪ್ಪು ಹಾಕಿ ಕುಲುಕಿ ಒಂದು ದಿನ ಬಿಡಿ. ತಳದಲ್ಲಿ ಮರಳು, ಮೇಲೆ ನುಣ್ಣನೆಯ ಜೇಡಿ ಪದರವಾಗಿ ಕೂರುತ್ತವೆ. ಮರಳು 65–70%, ಜೇಡಿ 10–15% ಇದ್ದರೆ ಸರಿ. ಜೇಡಿ ಜಾಸ್ತಿಯಾದರೆ ಕ್ವಾರಿ ಪುಡಿ ಬೆರೆಸಿ. 100 ಕೆ.ಜಿ. ಒಣಮಣ್ಣಿಗೆ 7 ಕೆ.ಜಿ. ಸಿಮೆಂಟ್ ಹಾಕಿದರೆ, ಒಂದು ಮೂಟೆ ಸಿಮೆಂಟಿಗೆ 230x190x100 ಮಿ.ಮೀ. ಅಳತೆಯ ಇಟ್ಟಿಗೆಗಳು 90ರ ಆಸುಪಾಸು ಬರುತ್ತವೆ.

ನೀರಿನ ಹದವೇ ಮುಖ್ಯ. ಕಲಸಿದ ಮಣ್ಣನ್ನು ಉಂಡೆ ಕಟ್ಟಿ ಸೊಂಟದೆತ್ತರದಿಂದ ಬೀಳಿಸಿ. ನಾಲ್ಕೈದು ತುಂಡಾದರೆ ಹದ ಬಂದಿದೆ. ಚಪ್ಪಟೆಯಾದರೆ ನೀರು ಹೆಚ್ಚು, ಪುಡಿಯಾದರೆ ಕಡಿಮೆ. ಅರ್ಧ ಗಂಟೆಯಲ್ಲಿ ಒತ್ತಿ ಮುಗಿಸುವಷ್ಟನ್ನೇ ಕಲಸಿ; ಬೆಳಿಗ್ಗೆಯೇ ದೊಡ್ಡ ರಾಶಿ ಕಲಸಿಟ್ಟರೆ ಸಿಮೆಂಟ್ ಅಲ್ಲೇ ಗಟ್ಟಿಯಾಗಿ ಹಾಳು. ಹೆಚ್ಚಿನವರು ಎಡವುವುದು ಕ್ಯೂರಿಂಗ್‌ನಲ್ಲಿ. ನಮ್ಮ ಏಪ್ರಿಲ್ ಬಿಸಿಲಿಗೆ ಇಟ್ಟಿಗೆ ಮಧ್ಯಾಹ್ನದೊಳಗೆ ಒಣಗಿಬಿಡುತ್ತದೆ. ನೆರಳಲ್ಲಿ ಪೇರಿಸಿ, ಹುಲ್ಲು ಅಥವಾ ಗೋಣಿಚೀಲ ಹೊದಿಸಿ 21 ದಿನ ತೇವ ಆರದಂತೆ ನೋಡಿಕೊಳ್ಳಿ. ಆಮೇಲೆ ಒಂದನ್ನು ರಾತ್ರಿಯಿಡೀ ನೀರಲ್ಲಿ ಮುಳುಗಿಸಿ, ಮೂಲೆಯನ್ನು ಉಗುರಿನಿಂದ ಕೆರೆಯಿರಿ. ಮಣ್ಣು ಉದುರಿದರೆ ಆ ರಾಶಿ ಗೋಡೆಗೆ ಬೇಡ.

ಕೆಂಪು ಮಣ್ಣನ್ನು ದೂರದಿಂದ ಲಾರಿಯಲ್ಲಿ ತರಿಸಬೇಕಾದರೆ ಈ ಯೋಚನೆಯನ್ನೇ ಬಿಡಿ. ಡೀಸೆಲ್ ಸುಟ್ಟು ತಂದ ಮಣ್ಣಿನಲ್ಲಿ ಪರಿಸರಕ್ಕೆ ಉಳಿತಾಯವೇನು? ಹತ್ತಿರದ ಭಟ್ಟಿಯ ಇಟ್ಟಿಗೆಯನ್ನೇ ತಂದು, ವಾಸ್ತುಶಿಲ್ಪಿ ಲಾರಿ ಬೇಕರ್ ಬಳಕೆಗೆ ತಂದ ರ್‍ಯಾಟ್‌ಟ್ರ್ಯಾಪ್ ವಿಧಾನದಲ್ಲಿ, ಇಟ್ಟಿಗೆಗಳನ್ನು ನಡುವೆ ಪೊಳ್ಳು ಬಿಟ್ಟು ಅಂಚಿನ ಮೇಲೆ ನಿಲ್ಲಿಸಿ ಕಟ್ಟಿಸಿ. ಸುಮಾರು ಕಾಲುಭಾಗ ಇಟ್ಟಿಗೆ ಉಳಿಯುತ್ತದೆ, ನಡುವಿನ ಪೊಳ್ಳು ಬಿಸಿ ತಡೆಯುತ್ತದೆ. ಗೋಡೆ ಯಾವುದಾದರೂ ಪಾಯ ಎರೆಯ ಪದರ ದಾಟಿ ಗಟ್ಟಿ ಗರಸು ಮಣ್ಣಿನ ಮೇಲೆ ಕೂರಬೇಕು. ಎರೆ ಆಳವಿದ್ದರೆ ಎಂಜಿನಿಯರ್ ಸಲಹೆಯಂತೆ ಪೈಲ್ (ಆಳಕ್ಕಿಳಿಸುವ ಕಾಂಕ್ರೀಟ್ ಕಂಬ) ಹಾಕಿಸಿ.

ಪ್ರಶ್ನೆ: ತಾರಸಿಯ ಕಾಂಕ್ರೀಟಿನೊಳಗೆ ಹೆಂಚಿಟ್ಟು ಹಾಕುವ ಫಿಲ್ಲರ್ ಸ್ಲ್ಯಾಬ್‌ನಿಂದ ಮನೆ ತಂಪಾಗುತ್ತದೆಯೇ?
– ಓದುಗರು, ಚಿತ್ರದುರ್ಗ

ಉತ್ತರ: ಸ್ವಲ್ಪ ಮಾತ್ರ. ಅದರ ನಿಜವಾದ ಲಾಭ ಕಾಂಕ್ರೀಟ್ ಉಳಿತಾಯ. ಹೆಂಚುಗಳನ್ನು ನೆನೆಸಿಯೇ ಇಡಿಸಿ, ಒಣ ಹೆಂಚು ಕಾಂಕ್ರೀಟಿನ ನೀರು ಹೀರುತ್ತದೆ. ತಂಪು ಬೇಕಿದ್ದರೆ ಬೇಸಿಗೆಗೆ ಮುಂಚೆ ತಾರಸಿಗೆ ಬಿಳಿ ಸುಣ್ಣ ಹೊಡೆಸಿ.