ಕೊಡ್ತಿರೋದು ಪಾಷಾಣ, ಡಬ್ಲ್ಯುಬಿಸಿ ಬೇರೆ ಏರ್ತಿದೆ, ಏನ್ ಮಾಡೋದು ಡಾಕ್ಟ್ರೇ?

ಪ್ರಶ್ನೆ: ನನ್ ತಮ್ಮಂಗೆ 26 ವರ್ಷ, ಎಪಿಎಲ್ ಅನ್ನೋ ಬ್ಲಡ್ ಕ್ಯಾನ್ಸರ್. ಕೀಮೋ ಕೊಡ್ತಿಲ್ಲ, ಅಟ್ರಾ ಕ್ಯಾಪ್ಸೂಲ್ ಜತೆ ಆರ್ಸೆನಿಕ್ ಡ್ರಿಪ್ ಹಾಕ್ತಿದಾರೆ. ಅದು ಪಾಷಾಣ ಅಲ್ವಾ? ಅಡ್ಮಿಟ್ ಆದಾಗ 2,100 ಇದ್ದ ಡಬ್ಲ್ಯುಬಿಸಿ (ಬಿಳಿರಕ್ತಕಣ) ಹನ್ನೊಂದೇ ದಿನಕ್ಕೆ 14,000 ಆಗಿದೆ. ಕಾಯಿಲೆ ಜೋರಾಗ್ತಿದೆಯಾ?

ಉತ್ತರ: ಪಾಷಾಣಾನೇ, ಸುಳ್ಳು ಹೇಳಲ್ಲ. ಆದ್ರೆ ಮೈತೂಕದ ಕೆಜಿಗೆ 0.15 ಮಿಲಿಗ್ರಾಂ ಲೆಕ್ಕದಲ್ಲಿ ಅಳೆದು ಕೊಡ್ತಾರೆ, ಈ ಕಾಯಿಲೆಗೆ ಅದರಷ್ಟು ಕೆಲಸ ಮಾಡೋ ಔಷಧಿ ಇನ್ನೊಂದಿಲ್ಲ ಅಂತಾನೇ ನನ್ ಅಭಿಪ್ರಾಯ.

ನಿಮ್ ತಮ್ಮನ ಬಿಳಿರಕ್ತಕಣಗಳು ಪಾಸಾಗದೆ ಒಂದೇ ಕ್ಲಾಸಲ್ಲಿ ಕೂತ ಹುಡುಗ್ರ ಥರ, ಬೆಳೆಯಲ್ಲ, ಆದ್ರೆ ಮೂಳೆ ಮಜ್ಜೆಯಲ್ಲಿ ಸಂಖ್ಯೆ ಮಾತ್ರ ಹೆಚ್ತಾನೇ ಇರುತ್ತೆ. 15 ಮತ್ತು 17ನೇ ಕ್ರೋಮೋಸೋಮ್‌ಗಳು ತುಂಡು ಅದಲುಬದಲು ಮಾಡ್ಕೊಂಡು ಪಿಎಂಎಲ್, ರಾರಾ ಎರಡೂ ಬೆಸೆದುಕೊಂಡ ಪಿಎಂಎಲ್-ರಾರಾ ಅನ್ನೋ ಒಂದೇ ಪ್ರೋಟೀನ್ ಹುಟ್ಟಿರುತ್ತೆ, ಬೆಳವಣಿಗೆಗೆ ಬೀಗ ಹಾಕಿರೋದು ಅದೇ. ಅಟ್ರಾ ಅಂದ್ರೆ ವಿಟಮಿನ್ ಎ ಬಳಗದ್ದು, ಅದು ರಾರಾ ತುದಿ ಹಿಡಿಯುತ್ತೆ, ಆರ್ಸೆನಿಕ್ ಪಿಎಂಎಲ್ ತುದಿ ಹಿಡಿಯುತ್ತೆ, ಎರಡೂ ಸೇರಿ ಆ ಪ್ರೋಟೀನನ್ನ ಕಣದ ಕೈಯಿಂದ್ಲೇ ಚೂರು ಮಾಡಿಸ್ತವೆ. (ಹಾಗಂತ ಮನೇಲಿ ವಿಟಮಿನ್ ಎ ಮಾತ್ರೆ ಕೊಡೋಕೆ ಹೋಗ್ಬೇಡಿ, ಎರಡೂ ಸೇರಿ ವಿಷ ಆಗುತ್ತೆ.)

1985ರಲ್ಲಿ ಶಾಂಘೈನಲ್ಲಿ ಡಾಕ್ಟರ್ ವಾಂಗ್ ಝೆನ್‌ಯಿ ಅವರು 5 ವರ್ಷದ ಹುಡುಗಿಗೆ ಅಟ್ರಾ ಕೊಟ್ಟು ಬದುಕಿಸಿದ್ರು, ಆರ್ಸೆನಿಕ್ ಚೀನಾದ್ದೇ ಹಾರ್ಬಿನ್ ಊರಿಂದ ಬಂತು, ನಮ್ ವೆಲ್ಲೂರು ಸಿಎಂಸಿಯವರು ಆರ್ಸೆನಿಕ್ ಒಂದ್ರಲ್ಲೇ ಎಷ್ಟೋ ಜನರನ್ನ ವಾಸಿ ಮಾಡಿ ತೋರಿಸಿದಾರೆ. ಎರಡನ್ನೂ ಸೇರಿಸಿ ಕೊಟ್ಟ ಇಟಲಿ-ಜರ್ಮನಿಯ ಟ್ರಯಲ್ 2013ರಲ್ಲಿ ಬಂತು, ಎರಡು ವರ್ಷ ಕಾಯಿಲೆ ವಾಪಸ್ ಬರದೆ ಬದುಕಿದ್ದೋರು 97%, ಅಟ್ರಾ ಜತೆ ಕೀಮೋ ತಗೊಂಡೋರಲ್ಲಿ 86%. ಅದೂ ಶುರುವಲ್ಲಿ ಕೌಂಟ್ 10,000 ದಾಟದೆ ಇದ್ದೋರಲ್ಲಿ, ನಿಮ್ ತಮ್ಮನೂ ಅದೇ ಗುಂಪು.

ಈಗ ಆ 14,000. ಬೀಗ ಬಿಟ್ಟಿದೆ, ಕೂತಿದ್ದ ಹುಡುಗ್ರೆಲ್ಲಾ ಪಾಸಾಗಿ ಮಜ್ಜೆಯಿಂದ ರಕ್ತಕ್ಕೆ ಬರ್ತಿದಾರೆ, ಅದಕ್ಕೇ ಏರಿರೋದು. ಸಾಮಾನ್ಯವಾಗಿ ಕಾಯಿಲೆ ಜೋರಾಯ್ತು ಅಂತ ಅರ್ಥ ಅಲ್ಲ, ತೀರಾ ಏರಿದ್ರೆ ಕೌಂಟ್ ಇಳಿಸೋಕೆ ಹೈಡ್ರಾಕ್ಸಿಯೂರಿಯಾ ಕ್ಯಾಪ್ಸೂಲ್ ಸೇರಿಸ್ತಾರೆ. ಆದ್ರೆ ಈ ಹೊತ್ತಲ್ಲೇ ಡಿಫರೆನ್ಷಿಯೇಷನ್ ಸಿಂಡ್ರೋಮ್ ಅನ್ನೋದು ಬರಬಹುದು, ಬೆಳೀತಿರೋ ಕಣಗಳು ಶ್ವಾಸಕೋಶಕ್ಕೆ ನುಗ್ತವೆ, ಮೈಯಲ್ಲಿ ನೀರು ತುಂಬುತ್ತೆ. ದಿನಾ ಬೆಳಿಗ್ಗೆ ತೂಕ ನೋಡಿ ಬರೆದಿಡಿ. ಒಂದೆರಡು ದಿನದಲ್ಲಿ ಎರಡು ಮೂರು ಕೆಜಿ ಏರಿದ್ರೆ, ಜ್ವರ ಬಂದ್ರೆ, ಮಲಗಿದ್ರೆ ಉಸಿರು ಕಟ್ಟುತ್ತೆ ಅಂದ್ರೆ ಬೆಳಗಾಗ್ಲಿ ಅಂತ ಕಾಯ್ಬೇಡಿ, ರಾತ್ರಿ ಎರಡು ಗಂಟೆ ಆಗಿದ್ರೂ ಡ್ಯೂಟಿ ಡಾಕ್ಟ್ರನ್ನ ಎಬ್ಬಿಸಿ. ಇದಕ್ಕೆ ಕೊಡೋ ಡೆಕ್ಸಾಮೆಥಾಸೋನ್ ಅನ್ನೋ ಸ್ಟೀರಾಯ್ಡ್ ಬೇಗ ಶುರು ಮಾಡಿದಷ್ಟೂ ಒಳ್ಳೇದು.

ಇನ್ನೊಂದು, ಆರ್ಸೆನಿಕ್ ಹೃದಯದ ಬಡಿತದ ಲಯ ಕೆಡಿಸಬಹುದು, ಅದಕ್ಕೇ ಪದೇಪದೇ ಇಸಿಜಿ, ಪೊಟ್ಯಾಷಿಯಂ, ಮೆಗ್ನೀಷಿಯಂ ನೋಡೋದು. ಕೆಮ್ಮು ಅಂತ ಮೆಡಿಕಲ್ ಶಾಪಿಂದ ಅಜಿತ್ರೋಮೈಸಿನ್ ಅನ್ನೋ ಆಂಟಿಬಯಾಟಿಕ್ ತಂದು ಕೊಡ್ಬೇಡಿ, ಅದೂ ಅದೇ ಲಯಕ್ಕೆ ಕೈ ಹಾಕುತ್ತೆ.